ಯಾವೂರಲೇ ನಿಂದು?

ಸಿಂದಗಿಯ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಾಸ್ತರರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಹೊಸ ಪದ ಬಂದರೆ ಹಲಗೆಗೆ ಬೆತ್ತ ಬಡಿದು, "ಯಾವೂರಲೇ ನಿಂದು?" ಎಂದು ಅದನ್ನೂ ಗದರಿಸುತ್ತಿದ್ದರು. ಒಂದು ದಿನ ‘ಮಸಲ್’, ಅಂದರೆ ಸ್ನಾಯು, ಸಿಕ್ಕಿಬಿತ್ತು. ಅದು ಲ್ಯಾಟಿನ್ನಿನಿಂದ ಬಂದದ್ದು, ಅಲ್ಲಿ ಅದಕ್ಕೆ ಇಲಿಮರಿ ಎಂದರ್ಥ ಎಂದು ತೋಳು ಮಡಚಿ ತೋರಿಸಿದರು.

ಅದೇ ಮಧ್ಯಾಹ್ನ, ಶಾಲೆಯ ಕೊಡ ಮುಟ್ಟಿ ನೀರು ತುಂಬಿಕೊಂಡಳೆಂದು ಗೌಡರ ಮಗ ಹುಡುಗಿಯೊಬ್ಬಳ ಮೇಲೆ ಕೈ ಎತ್ತಿದ. ಮಾಸ್ತರರು ಧಾವಿಸಿ ಆ ತೋಳು ಹಿಡಿದರು.

"ಇಲಿಮರಿ ಸಾಕ್ಕೊಂಡು ಹೆದರಸ್ತೀಯೇನಲೇ?"

"ಅಕಿ ಯಾವ ಕೇರಿಯಾಕಿ ಕೇಳ್ರಿ ಸರ್!"

ಮಾಸ್ತರರು ಹುಡುಗಿಯ ಕೈಯಲ್ಲಿದ್ದ ಲೋಟ ಇಸಿದುಕೊಂಡು ಗಟಗಟನೆ ಕುಡಿದರು.

"ಊರು ಕೇರಿ ಕೇಳೂದು ಶಬ್ದಕ್ಕಲೇ, ಮನಷ್ಯಾರಿಗಲ್ಲ!"