ಮಾತಾಡಿಸದೆ ನೋಡುವುದು

ನಮ್ಮ ಕಡೆ ಹಾಸಿಗೆ ಹಿಡಿದವರನ್ನು ಯಾರೂ ನೋಡಲು ಹೋಗುವುದಿಲ್ಲ, ಮಾತಾಡಿಸಲು ಹೋಗುತ್ತಾರೆ. ‘ಮಾತಾಡಿಸಿಕೊಂಡು ಬಂದ್ರೇನ್ರಿ?’ ಎಂದೇ ಕೇಳುವ ರೂಢಿ. ಈ ಪದ ಅಪಾಯಕಾರಿಯೂ ಆಗಬಹುದೆಂದು ನನಗೆ ತಿಳಿದದ್ದು ಹೆಂಡತಿಯ ಗಂಟಲಿನ ಆಪರೇಶನ್ ಆದ ಮೇಲೆ.

ಅವಳು ಅಣ್ಣಿಗೇರಿ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ವರ್ಷಗಟ್ಟಲೆ ಮಕ್ಕಳ ಗದ್ದಲದ ಮೇಲೆ ದನಿ ಏರಿಸಿ ಏರಿಸಿ ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ಹುಬ್ಬಳ್ಳಿಯ ಡಾಕ್ಟರು ಅದನ್ನು ತೆಗೆದು, ತಾವು ಹೇಳುವವರೆಗೆ ಪಿಸುಮಾತೂ ಕೂಡದು ಎಂದರು. ಗಾಯ ಮಾಯುವ ಮೊದಲೇ ಮಾತಾಡಿದರೆ ತರಗತಿಗೆ ಸಾಕಾಗುವ ದನಿ ಮರಳಿ ಬರದೇ ಹೋಗಬಹುದು ಎಂದೂ ಹೇಳಿದರು.

ಅದೇ ದಿನಗಳಲ್ಲಿ ನಾನು ಪಡಸಾಲೆಯಲ್ಲಿ ಕುಳಿತು ಮಾಡುತ್ತಿದ್ದ ಕೆಲಸವೂ ನೋಡುವುದಕ್ಕೇ ಸಂಬಂಧಿಸಿದ್ದು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ನಡುಮನೆಯಂತಿರುವ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮು ಅದರ ಲೆಕ್ಕದಲ್ಲಿ ಒಂದು ಪ್ರೊಸೆಸ್. ಯಾವುದೋ ಒಂದು ಪ್ರೊಸೆಸ್ಸಿನ ಮೆಮರಿಯಲ್ಲಿ ಎಲ್ಲೆಲ್ಲಿ ಏನೇನಿದೆ ಎಂದು ಹೊರಗಿನವರು ಕೇಳಿದರೆ ಕರ್ನಲ್ ಉತ್ತರಿಸಬೇಕು. ಹಳೆಯ ಪದ್ಧತಿಯಲ್ಲಿ, ಕೇಳಿದವನು ಓದುವಾಗ ಆ ಮೆಮರಿಯ ನಕ್ಷೆಗೆ ಕೀಲಿ ಬೀಳುತ್ತಿತ್ತು. ಆಗ ಪ್ರೊಸೆಸ್ಸಿಗೆ ಹೊಸ ಜಾಗ ಬೇಕಾದರೆ ಅದು ಕಾಯುತ್ತ ನಿಲ್ಲಬೇಕು. ಓದುವವನು ನಡುವೆಯೇ ತೂಕಡಿಸಿದರೂ ಕೀಲಿ ಅವನ ಕೈಯಲ್ಲೇ. ಆರೋಗ್ಯ ವಿಚಾರಿಸಲು ಬಂದವನೇ ರೋಗಿಯ ಎದೆಯ ಮೇಲೆ ಕುಳಿತಂತೆ. ಕೀಲಿ ಹಾಕದೆ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವ ಹೊಸ ಬಾಗಿಲೊಂದನ್ನು ನಾನು ರಚಿಸುತ್ತಿದ್ದೆ.

ಅದಕ್ಕೆ ನನ್ನ ಸಹೋದ್ಯೋಗಿಯೊಬ್ಬನ ತಕರಾರು. ಪ್ರೊಸೆಸ್ಸನ್ನು ನಿಲ್ಲಿಸದೆ ನೋಡಿದರೆ ಮೊದಲ ಉತ್ತರ ಒಂದು ಗಳಿಗೆಯದು, ಎರಡನೆಯದು ಮತ್ತೊಂದು ಗಳಿಗೆಯದು. ಎರಡೂ ಸೇರಿ ಯಾವ ಗಳಿಗೆಯ ಸತ್ಯವೂ ಆಗುವುದಿಲ್ಲ ಎನ್ನುತ್ತಿದ್ದ. ಆ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ದಿನಾ ಅದೇ ಕರೆ, ಅದೇ ವಾಕ್ಯ: ‘ಒಂದು ಕ್ಷಣ ನಿಲ್ಲಿಸಿದರೆ ಏನಾಗುತ್ತದೆ?’

ಮನೆಯಲ್ಲಿ ಮಾತಾಡಿಸಲು ಬರುವವರ ಸಾಲು ಬೇರೆ. ಹೆಂಡತಿ ಪಾಟಿಯ ಮೇಲೆ ‘ಮಾತಾಡುವಂತಿಲ್ಲ’ ಎಂದು ಬರೆದಿಟ್ಟುಕೊಂಡಿದ್ದಳು. ಬಂದವರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಓದಿ, ‘ಯಾಕವಾ?’ ಎಂದು ಕೇಳುತ್ತಿದ್ದರು. ಓಣಿಯ ಕಾಕಾ ಒಬ್ಬರು ಮೋಸಂಬಿ ಚೀಲ ಇಟ್ಟು, “ಮಾತಾಡಬ್ಯಾಡವಾ, ಏನೂ ಮಾತಾಡಬ್ಯಾಡ. ಈಗ ನೋವು ಹೆಂಗೈತಿ, ಅಷ್ಟ ಹೇಳು,” ಎಂದರು. ಅವಳು ಪಾಟಿ ಒರೆಸಿ ಬರೆದಳು. ಕಾಕಾಗೆ ಚಾಳೀಸಿನ ಕನ್ನಡಕ ಇಲ್ಲದೆ ಓದಲು ಬರಲಿಲ್ಲ. “ಬಾಯಿಲೆ ಹೇಳಬೇ,” ಎಂದರು. ನಾನು ಎದ್ದುಹೋಗಿ ಓದಿ ಹೇಳಿದೆ. “ನಿನ್ನ ಯಾರ ಕೇಳ್ಯಾರಲೇ?” ಎಂದರು.

ನನ್ನ ಸೋದರತ್ತೆ ನವಲಗುಂದದ ಬಸ್ಸಿಗೆ ಬಂದದ್ದು ಒಂದು ಮುಂಜಾನೆ. ಬಾಗಿಲು ತೆರೆದೇ ಇತ್ತು. ಹೆಂಡತಿ ಒಳಗೆ ಹೊಸ್ತಿಲ ಬಳಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಒಂದೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಹೋದ್ಯೋಗಿಯ ಕರೆಯಲ್ಲಿದ್ದೆ. ಆಮೇಲೆ ಆದದ್ದನ್ನು ಕಂಡಷ್ಟು, ಕೇಳಿದಷ್ಟೇ ಹೇಳುತ್ತೇನೆ. ಅತ್ತೆ ಹೊಸ್ತಿಲಾಚೆ ನಿಂತರು. ಹೆಂಡತಿ ಎದ್ದು ಕೈಮುಗಿದಳು, ನಕ್ಕಳು, ಒಳಗೆ ಬನ್ನಿ ಎಂದು ಕೈ ತೋರಿಸಿದಳು. ಅತ್ತೆ ಕಾಲೆತ್ತಲಿಲ್ಲ. ಹಿರಿಯರು ಬಂದಾಗ ‘ಬರ್ರಿ’ ಅನ್ನದಿರುವುದು ನಮ್ಮಲ್ಲಿ ಬಾಗಿಲು ಹಾಕಿದ್ದಕ್ಕಿಂತ ಕಡೆ. ಅತ್ತೆಗೆ ಸಿಟ್ಟೇನೂ ಇರಲಿಲ್ಲ, ನಗಿಸಲೆಂದು ಚಾಷ್ಟಿ ಮಾಡಿದರು.

“ಏನವಾ, ಒಳಗ ಬರ್ಲೋ, ಬಂದ ಬಸ್ಸಿಗೇ ಹೊಂಡ್ಲೋ?”

“ಬರ್ರಿ,” ಎಂದಳು ಹೆಂಡತಿ.

ಬೇಕೆಂದು ಆಡಿದ್ದಲ್ಲ. ಮೊದಲ ಅಕ್ಷರಕ್ಕೆ ದನಿ ಇತ್ತು, ಎರಡನೆಯದು ಬರೀ ಗಾಳಿ. ಅವಳ ಕೈ ಗಂಟಲಿಗೆ ಹೋಯಿತು. ಕಾಲು ತಗುಲಿ ಮೊರ ಓರೆಯಾಗಿ ಜೋಳ ಚೆಲ್ಲಿತು.

“ನೋಡ, ಬರತೈತಲ್ಲ ಮಾತು!” ಎಂದು ಅತ್ತೆ ಸಂತೋಷದಿಂದ ಒಳಗೆ ಬಂದರು.

ನನ್ನ ಕಿವಿಯಲ್ಲಿ ಸಹೋದ್ಯೋಗಿ ಇನ್ನೂ ಮಾತಾಡುತ್ತಲೇ ಇದ್ದ. ಅವನಿಗೆ ಏನು ಹೇಳಿ ಕರೆ ಮುಗಿಸಿದೆನೋ ನೆನಪಿಲ್ಲ. ಅವಳು ಒಂದು ಬಟ್ಟೆಗೆ ಉಗುಳಿ ಮಡಚಿಕೊಂಡಳು, ನನಗೆ ತೋರಿಸಲಿಲ್ಲ. ಆದರೂ ಕೆಂಪು ಕಂಡಿತು.

ಅದೇ ದಿನ ಹುಬ್ಬಳ್ಳಿಗೆ ಹೋದೆವು. ಗಾಯದ ಅಂಚು ಬಿಚ್ಚಿದೆ, ಮೌನವನ್ನು ಮೊದಲಿನಿಂದ ಶುರುಮಾಡಬೇಕು, ದನಿಯ ಬಗ್ಗೆ ಈಗ ಭರವಸೆ ಕೊಡಲಾರೆ ಎಂದರು ಡಾಕ್ಟರು.

ಮರುದಿನದಿಂದ ಅವಳನ್ನು ಒಳಕೋಣೆಯಲ್ಲಿರಿಸಿ ನಾನು ಲ್ಯಾಪ್‌ಟಾಪ್ ಹಿಡಿದು ಹೊರಗೆ ಕಟ್ಟೆಯ ಮೇಲೆ ಕುಳಿತೆ. ಶಾಲೆಯ ಹೆಡ್‌ಮಾಸ್ತರರು ಬಂದರು.

“ಹೆಂಗದಾರ್ರಿ ಟೀಚರು?”

“ಮುಂಜಾನಿ ನೋಡಿದಾಗ ಆರಾಮ ಇದ್ಲ್ರಿ.”

“ಮುಂಜಾನಿದು ತಗೊಂಡು ಏನ್ಮಾಡೂಣ್ರಿ? ಈಗಿಂದ ಹೇಳ್ರಿ.”

“ಈಗಿಂದ ಬೇಕಂದ್ರ ಆಕೀನ್ನ ಎಬ್ಬಿಸಬೇಕಾಗ್ತೈತ್ರಿ.”

ಅವರು, “ಇರಲಿ ಬಿಡ್ರಿ, ಮುಂಜಾನಿದ ಸಾಕು,” ಎಂದು ಹೋದರು. ಎಲ್ಲರೂ ಅಷ್ಟು ಸುಲಭಕ್ಕೆ ಹೋಗಲಿಲ್ಲ. ‘ಹೆಂಡತೀನ್ನ ಕೀಲಿ ಹಾಕಿ ಇಟ್ಟಾನ’ ಎಂಬ ಮಾತು ಓಣಿಯಲ್ಲಿ ತಿರುಗಿ ನನ್ನ ಕಿವಿಗೂ ಬಿತ್ತು. ಅತ್ತೆ ಫೋನು ಮಾಡಿ, “ಮಾತಾಡಸಾಕ ಬಂದವರನ್ನ ಬಾಗಲದಾಗ ನಿಂದ್ರಸ್ತೀಯಂತ. ಯಾವ ಊರಿನ ರೀತಿಲೇ ಇದು?” ಎಂದು ಬೈದರು. ಬೈಸಿಕೊಂಡೆ.

ಕಟ್ಟೆಯ ಮೇಲೆಯೇ ಆ ಕೆಲಸವನ್ನೂ ಮುಗಿಸಿದೆ. ಈ ಉತ್ತರ ಕೇಳಿದ ಗಳಿಗೆಯದು, ಓದುವಷ್ಟರಲ್ಲಿ ಬದಲಾಗಿರಬಹುದು, ಇದಕ್ಕಾಗಿ ಪ್ರೊಸೆಸ್ಸನ್ನು ನಿಲ್ಲಿಸುವುದಿಲ್ಲ ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದೆ. ಸಹೋದ್ಯೋಗಿ ಮತ್ತೆ ‘ಒಂದು ಕ್ಷಣ’ ಎಂದ. ನಿಲ್ಲಿಸಿಯೇ ನೋಡಬೇಕೆನ್ನುವವರಿಗೆ ಹಳೆಯ ಬಾಗಿಲು ಇದ್ದೇ ಇದೆ, ಹೊಸದರಲ್ಲಿ ಆ ಕ್ಷಣ ಸಿಗುವುದಿಲ್ಲ ಎಂದೆ. ಅವನು ಒಪ್ಪಿದನೆಂದು ಹೇಳಲಾರೆ.

ಗಾಯ ಮಾಯ್ದ ಮೇಲೆ ಡಾಕ್ಟರು ಅವಳಿಗೆ ‘ಆ’ ಎನ್ನಲು ಹೇಳಿದರು. ದನಿ ಬಂತು. ಮೊದಲಿನದಲ್ಲ, ತಗ್ಗಿನಲ್ಲಿ ನಿಲ್ಲುತ್ತದೆ, ಮೇಲೇರಿಸಿದರೆ ಒಡೆಯುತ್ತದೆ. ಮೈದಾನದ ಆ ತುದಿಯ ಮಕ್ಕಳನ್ನು ಇನ್ನು ಕೂಗಿ ಕರೆಯಲಾರಳು, ಆದರೆ ಮುಂದೆ ಕುಳಿತವರಿಗೆ ಕಲಿಸಬಹುದು ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

“ಅತ್ತ್ಯಾರನ್ನ ಈ ವಾರ ಮನಿಗೆ ಕರೀರಿ,” ಎಂದಳು. “ಅವತ್ತ ಬಂದವರು ನಮ್ಮನ್ಯಾಗ ನೀರೂ ಕುಡೀಲಾರದ ಹೋದ್ರು, ಮತ್ತ ಬಂದಿಲ್ಲ.”

“ಸಾಕು, ಮಾತಾಡಬ್ಯಾಡ,” ಎಂದೆ.

“ನೀವು ಕರೀಲಿಲ್ಲಂದ್ರ ನಾನ ಫೋನ್ ಹಚ್ತೀನಿ,” ಎಂದಳು ಅದೇ ತಗ್ಗಿದ ದನಿಯಲ್ಲಿ.

ನಾನೇ ಹಚ್ಚಿದೆ.