ಗುಡಿಯಕ್ಕ ಹೇಳದೆ ಬಿಟ್ಟದ್ದು

ಗುಡಿಯಕ್ಕ ಎಂದೇ ಊರಿಗೆಲ್ಲ ಗೊತ್ತಿದ್ದ ಆಕೆ ಮೂವತ್ತೊಂದು ವರ್ಷಗಳಿಂದ ಹಳೇ ದೇವಸ್ಥಾನದ ಕಸ ಗುಡಿಸುತ್ತಿದ್ದಳು. ಕಲ್ಲುಮಂಟಪದ ಒಂದೇ ಜಾಗದಲ್ಲಿ ದಿನಾ ಬೆಳಿಗ್ಗೆ ಒಂದು ಹಿಡಿ ಕಲ್ಲುಪುಡಿ ಬೀಳತೊಡಗಿದ್ದು ಮೊದಲು ಕಂಡದ್ದು ಆಕೆಗೇ. ತಲೆಯೆತ್ತಿ ನೋಡಿದರೆ ಚಾವಣಿಯ ಚಪ್ಪಡಿಯಲ್ಲಿ ಬಿರುಕು.

"ನೂರಾರು ವರ್ಷದ ಕಟ್ಟಡ ಅಲ್ವಾ ಅಕ್ಕ, ಉದುರುತ್ತೆ," ಅಂದರು ಅರ್ಚಕರು. ಸಮಿತಿಯ ಅಧ್ಯಕ್ಷರು ನಕ್ಕರು. "ಉತ್ಸವಕ್ಕೆ ನಾಲ್ಕೇ ದಿನ ಇದೆ. ನೀನು ನೆಲ ನೋಡ್ಕೋ, ಮೇಲಿಂದು ನಾವು ನೋಡ್ಕೋತೀವಿ."

ಉತ್ಸವದ ದಿನ ಅದೇ ಜಾಗದಲ್ಲಿ ಮಕ್ಕಳನ್ನು ಊಟಕ್ಕೆ ಕೂರಿಸಿದರು. ಬೇರೇನೂ ತೋಚದೆ ಗುಡಿಯಕ್ಕ ಎರಡು ಕೊಡ ನೀರು ತಂದು ಅಲ್ಲಿ ಸುರಿದಳು. ಮಕ್ಕಳು ಎದ್ದು ಓಡಿದರು, ಬಡಿಸಿದ್ದೆಲ್ಲ ನೀರುಪಾಲಾಯಿತು. ಆಕೆ ಆ ಒದ್ದೆಯಲ್ಲೇ ಕುಳಿತುಬಿಟ್ಟಳು.

"ಏಳು," ಅಂದರು ಅಧ್ಯಕ್ಷರು ಹಲ್ಲು ಕಚ್ಚಿ.

"ಎಲ್ಲರ ಊಟ ಮುಗೀಲಿ, ಏಳ್ತೀನಿ. ಬಿದ್ರೆ ನನ್ನ ಮೇಲೇ ಬೀಳ್ಲಿ. ಮಗಳ ಮದುವೆ ಆಗಿದೆ, ನಂಗೇನು ಅವಸರದ ಕೆಲಸ ಇಲ್ಲ."

ಕಲ್ಲು ಅಂದು ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಕೆಲಸ ಮಾತ್ರ ಹೋಯಿತು. ಮಗಳು ಬಂದು, "ಅತ್ತೆ ಮನೇಲಿ ತಲೆ ಎತ್ತೋಕಾಗ್ತಿಲ್ಲಮ್ಮ," ಎಂದು ಅತ್ತಳು. ಎಲ್ಲ ತನ್ನ ಭ್ರಮೆಯೇನೋ ಎಂಬ ಅನುಮಾನ ಗುಡಿಯಕ್ಕನನ್ನು ಕೊರೆಯಿತು. ಒಂದೊಂದು ಸಲ, ಆ ಕಲ್ಲು ಬಿದ್ದಾದರೂ ಬೀಳಬಾರದೇ ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಬೇರೆ ಊರಿನಿಂದ ಬಂದು ತನ್ನ ಜಾಗಕ್ಕೆ ಸೇರಿದ್ದ ಹೊಸಬಳು ಬೀದಿಯಲ್ಲಿ ಎದುರಾದರೆ ಗುಡಿಯಕ್ಕ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಚಪ್ಪಡಿ ಬಿತ್ತು. ಕೆಳಗೆ ಗುಡಿಸುತ್ತಿದ್ದ ಹೊಸಬಳ ಕಾಲು ಮುರಿಯಿತು.

"ನೀನಂದದ್ದೇ ಆಯ್ತಲ್ಲ ಅಕ್ಕ," ಎಂದು ಅರ್ಚಕರು ಮನೆಗೇ ಬಂದರು. ಆಕೆ ಅವರನ್ನು ಬಾಗಿಲಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.

ಮಂಚದ ಮೇಲಿದ್ದವಳು ಆಕೆಯನ್ನೇ ನೋಡಿದಳು. "ಬಿರುಕಿನ ವಿಷ್ಯ ನಂಗ್ಯಾರೂ ಹೇಳ್ಲಿಲ್ಲ ಅಕ್ಕ."

"ಹೌದು. ನಾನೂ ಹೇಳ್ಲಿಲ್ಲ," ಅಂದಳು ಗುಡಿಯಕ್ಕ. "ಸಿಟ್ಟಿತ್ತು."

ಹೊಸಬಳು ಗೋಡೆಯ ಕಡೆ ಮುಖ ಹೊರಳಿಸಿದಳು.

ಆಮೇಲೆ ಮೂರು ತಿಂಗಳು ಅವಳ ಮನೆಗೆ ನೀರು ಹೊತ್ತು, ಅಡುಗೆ ಮಾಡಿಟ್ಟು ಬಂದವಳು ಗುಡಿಯಕ್ಕನೇ. ಮೊದಲ ತಿಂಗಳು ಹೊಸಬಳು ಆಕೆಯೊಂದಿಗೆ ಮಾತೇ ಆಡಲಿಲ್ಲ. ಅಧ್ಯಕ್ಷರು ಮತ್ತೆ ಕೆಲಸಕ್ಕೆ ಕರೆದಾಗ ಗುಡಿಯಕ್ಕ, "ಅದು ಅವಳ ಕೆಲಸ. ಕಾಲು ನೆಟ್ಟಗಾಗ್ಲಿ, ಬರ್ತಾಳೆ," ಎಂದು ಹೇಳಿ ಕಳಿಸಿದಳು.