ಅತ್ತೆ ಶ್ರುತಿ ಮಾಡಿದ ಸ್ಕಾಟಿಷ್ ಪಿಟೀಲು

೨೦೧೪ರಲ್ಲಿ ನಾವು ಬ್ರಿಸ್ಬೇನ್ ಬಿಟ್ಟು ಅಡಿಲೇಡಿನ ಗ್ಲೆನೆಲ್ಗ್‌ಗೆ ಬಂದಾಗ ಪಕ್ಕದ ಮನೆಯಲ್ಲಿ ಸ್ಕಾಟ್‌ಲೆಂಡಿನ ವಯಸ್ಸಾದ ಗಂಡ ಹೆಂಡತಿ ಇದ್ದರು. ಅಂಕಲ್ ಒಂದು ಕಾಲಕ್ಕೆ ಕುಣಿತಕ್ಕೆ ಪಿಟೀಲು ನುಡಿಸುತ್ತಿದ್ದವರು. ಬೆರಳ ಗಂಟುಗಳು ಬಿಗಿದ ಮೇಲೆ ಪಿಟೀಲು ಗೋಡೆ ಸೇರಿತ್ತು. ನನ್ನ ಮಗಳು ರಜೆಯಲ್ಲಿ ಮೈಸೂರಿಗೆ ಹೋದಾಗಲೆಲ್ಲ ಅಜ್ಜಿಯ ಬಳಿ ಪಿಟೀಲು ಕಲಿತವಳೆಂದು ಗೊತ್ತಾದದ್ದೇ ತಡ, ಅವಳನ್ನು ಹಿಡಿದು ಕೂರಿಸಿಕೊಂಡರು. ಕೂರಿಸಿಕೊಂಡದ್ದೇನು, ನಿಲ್ಲಿಸಿಕೊಂಡರು, ಅವರಲ್ಲಿ ನಿಂತು, ಗದ್ದಕ್ಕೆ ಆನಿಸಿಯೇ ನುಡಿಸಬೇಕು. ಗೋಡೆಯ ಪಿಟೀಲನ್ನು ಇಳಿಸಿ, ಮನೆಯಲ್ಲಿ ಅಭ್ಯಾಸ ಮಾಡೆಂದು ಅವಳ ಕೈಗೇ ಕೊಟ್ಟರು. ಕಲಿಸಿದ್ದು ಅವರ ಊರಿನ ಹತ್ತಿರದ ಕೋಟೆಯೊಂದರ ಹೆಸರಿನ ಹಳೆಯ ಧಾಟಿ. ಕುಂಟಿ ಕುಂಟಿ ಜಿಗಿಯುವ ಆ ನಡೆ ಕೈಗೆ ಕೂರಲು ಒಂದು ಚಳಿಗಾಲವೇ ಹಿಡಿಯಿತು.

ಅಷ್ಟರಲ್ಲಿ ಅವರಿಬ್ಬರೂ ಆಸ್ಟ್ರೇಲಿಯಾದ ಇನ್ನೊಂದು ತುದಿಯ ಪರ್ತ್‌ನಲ್ಲಿದ್ದ ಮಗನ ಮನೆಗೆ ಹೋಗುವುದು ನಿಶ್ಚಯವಾಯಿತು. ಆಂಟಿಯ ಸೊಂಟಕ್ಕೆ ಅಲ್ಲಿ ಆಪರೇಷನ್. ಆಮೇಲೆ ಕುಣಿಯುವುದು ಅನುಮಾನವೇ. ಅದಕ್ಕೇ ಹೊರಡುವ ಮುಂಚಿನ ಭಾನುವಾರ ತಮ್ಮ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಸುಟ್ಟು ತಿನ್ನುವ ಊಟ, ಇಟ್ಟುಕೊಂಡು, ಆ ಧಾಟಿಗೆ ಕೊನೆಯ ಸಲ ಜೊತೆಯಾಗಿ ಹೆಜ್ಜೆ ಹಾಕಬೇಕೆಂದು ಇಬ್ಬರೂ ಆಸೆಪಟ್ಟಿದ್ದರು.

ಆಗ ಮಗಳಿಗೆ ಪಿಟೀಲು ಕಲಿಸಿದ ನಮ್ಮತ್ತೆಯೂ ಮೈಸೂರಿನಿಂದ ಬಂದಿದ್ದರು. ನಾನು ಕೋಡುಬಳೆಯ ಡಬ್ಬಿ ಇಟ್ಟು ಬರುವಷ್ಟರಲ್ಲಿ ಅಂಕಲ್ ಕೈ ಚಾಚಿ, ಆಂಟಿ ಎದುರು ನಿಂತಾಗಿತ್ತು. ಮಗಳು ಕಮಾನು ಎಳೆದಳು. ಎರಡನೆಯ ಸ್ವರವೇ ತಪ್ಪಿತು. ಕಮಾನು ಇಳಿಸಿ ಅತ್ತೆಯತ್ತ ತಿರುಗಿದಳು.

"ಅಜ್ಜಿ, ವಾಟ್ ಡಿಡ್ ಯು ಡೂ?"

"ಬೆಳಿಗ್ಗೆ ನೋಡಿದರೆ ಮೇಲಿನ ಎರಡು ತಂತಿ ಎಲ್ಲೋ ಹೋಗಿತ್ತು ಕಣೇ. ಇಳಿಸಿ ಶ್ರುತಿ ಸೇರಿಸಿಟ್ಟೆ. ಸ-ಪ-ಸ-ಪ, ನೋಡು ಈಗ ಹೇಗಿದೆ!" ಅತ್ತೆಯ ಮುಖದಲ್ಲಿ ಉಪಕಾರ ಮಾಡಿದ ಸಮಾಧಾನ.

ಅಂಕಲ್ ಕಡೆಯವರ ಪಿಟೀಲಿನಲ್ಲಿ ತಂತಿ ಕೂಡಿಸುವ ಕ್ರಮವೇ ಬೇರೆ, ನಾಲ್ಕಕ್ಕೂ ಬೇರೆ ಬೇರೆ ಸ್ವರ; ನಮ್ಮಲ್ಲಿ ಕೆಳಗಿನ ಜೋಡಿಯ ಸ್ವರಗಳೇ ಮೇಲಿನ ಜೋಡಿಗೂ. ಮಗಳು ಬಿರಡೆ ತಿರುಗಿಸಲು ಹೋದಳು. ಅಂಕಲ್ ಬಂದು ತಡೆದು, ಬಿರಡೆಯ ಹತ್ತಿರ ಎಳೆ ಬಿಟ್ಟುಕೊಂಡಿದ್ದ ತಂತಿಯನ್ನು ತೋರಿಸಿದರು. ಇನ್ನು ಎಳೆದರೆ ತುಂಡಾಗುತ್ತದೆ. ಬೇರೆ ತಂತಿಗಳು ಸಾಮಾನಿನ ಜೊತೆ ಲಾರಿಯಲ್ಲಿ ಪರ್ತ್ ದಾರಿ ಹಿಡಿದಿದ್ದವು. ಅಂಕಲ್ ತಂತಿಗಳನ್ನು ಮೆಲ್ಲಗೆ ಮೀಟಿ ನೋಡಿದರು. ತಮ್ಮ ತಾತನೂ ಕೆಲವು ಧಾಟಿಗಳಿಗೆ ಹೀಗೆ ಜೋಡಿ ಜೋಡಿಯಾಗಿ ಕೂಡಿಸುತ್ತಿದ್ದ, ಹೀಗೇ ನುಡಿಸು ಅಂದರು.

"ಐ ಕಾಂಟ್," ಅಂದಳು ಮಗಳು. ಕಲಿತ ಬೆರಳುಗಳೆಲ್ಲ ಈಗ ತಪ್ಪು ಜಾಗದಲ್ಲಿ ಬೀಳುತ್ತವೆ.

ಆಂಟಿ ಕೋಲನ್ನು ಕುರ್ಚಿಗೆ ಒರಗಿಸಿ ಕಾಯುತ್ತ ನಿಂತಿದ್ದರು. ಎಷ್ಟು ಹೊತ್ತು ನಿಲ್ಲಬಲ್ಲರೋ ಎಂದು ನನಗೆ ಚಿಂತೆ.

ಮಗಳು ಕಣ್ಣು ಮುಚ್ಚಿ ಶುರು ಮಾಡಿದಳು. ಮೊದಲ ಭಾಗ ತಡವರಿಸುತ್ತ ಸಾಗಿತು. ಹೆಜ್ಜೆಗಳೂ ಕಾದು ಕಾದು ಬಿದ್ದವು. ಎರಡನೆಯ ಭಾಗ ಮೇಲಕ್ಕೆ ಹತ್ತುವಲ್ಲಿ ಬೆರಳು ಜಾರಿ ಸ್ವರ ಕಿರುಚಿತು. ಆಂಟಿ ಎತ್ತಿದ ಕಾಲನ್ನು ಇಳಿಸದೆ ಅಂಕಲ್ ತೋಳು ಬಿಗಿಯಾಗಿ ಹಿಡಿದುಕೊಂಡರು.

"ನಮ್ಮ ಪಾಠದ ಬೆರಳು ಹಾಕೇ! ಕೆಳಗಿನ ತಂತಿಗೆ ಹಾಕಿದ್ದನ್ನೇ ಮೇಲಿನದಕ್ಕೂ ಹಾಕು!" ಎಂದು ಅತ್ತೆ ಕೂತಲ್ಲಿಂದಲೇ ಗದರಿ, ಆ ಸಾಲನ್ನು ಸ್ವರ ಹಾಕಿ ಹಾಡಿಬಿಟ್ಟರು. ಬಂದಾಗಿನಿಂದ ದಿನಾ ಕೇಳಿದ್ದರಲ್ಲ.

ಬೆರಳು ಸ್ವರ ಹಿಡಿಯಿತು. ಆಂಟಿಯ ಕಾಲು ನೆಲ ಮುಟ್ಟಿತು. ಅಲ್ಲಿಂದ ಕೊನೆಯವರೆಗೆ ಇಬ್ಬರೂ ನಿಲ್ಲಲಿಲ್ಲ.

ಮುಗಿದಾಗ ಆಂಟಿ ಏದುಸಿರು ಬಿಡುತ್ತ, ಇನ್ನೊಂದು ಸಲ ಆಗಲಿ ಅಂದರು. ಅತ್ತೆ ಕುರ್ಚಿಯಿಂದ ಏಳುವುದನ್ನು ಕಂಡ ಮಗಳು ಪಿಟೀಲನ್ನು ಎದೆಗೆ ಅವಚಿಕೊಂಡಳು.

"ಅಜ್ಜಿ, ಪ್ಲೀಸ್, ಡೋಂಟ್ ಟಚ್ ಇಟ್!"